ನಾಲ್ಕು ಅಂಕದ ಊರು

ಒಂದು ಕಡಲ ದಂಡೆ, ಆ ದಂಡೆಯ ಮೇಲೊಂದು ಊರು. ಆ ಊರಿನಲ್ಲಿ ಯಾರಿಗೂ ಯಾರಿಂದಲೂ ಏನೂ ಬೇಕಿರಲಿಲ್ಲವಂತೆ, ಹಾಗಾಗಿ ಎಲ್ಲರೂ ಬಹಳ ಸುಖವಾಗಿದ್ದರಂತೆ—

ಶಿಹೊ ಅಷ್ಟನ್ನೂ ಅಳಿಸಿದಳು. ಬೆಳಗಿನಿಂದ ಇದು ನಾಲ್ಕನೆಯ ಸಲ.

ಸಂಜೆ ಐದರೊಳಗೆ ಮರುವಿಮರ್ಶೆ ಹೋಗಬೇಕಿತ್ತು. ‘ಕಡಲಗಾಳಿಯ ಊರು’ ಎಂಬ ವಿಡಿಯೊ ಆಟದ ಐದನೆಯ ಕಂತಿಗೆ ಅವಳು ಕಳೆದ ನವೆಂಬರಿನಲ್ಲಿ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದಳು. ಆ ನಾಲ್ಕನ್ನು ಈಗ, ಮರ್ಯಾದೆ ಕೆಡದಂತೆ, ಒಂಬತ್ತು ಮಾಡಬೇಕು.

ಆ ಆಟದಲ್ಲಿ ಯುದ್ಧವಿಲ್ಲ, ಗೆಲುವಿಲ್ಲ. ಆಡುವವರು ಊರಿಗೆ ಬಂದು ನೆಲೆಸುತ್ತಾರೆ, ಗೆಣಸು ನೆಡುತ್ತಾರೆ, ಗಾಳ ಹಾಕುತ್ತಾರೆ, ನೆರೆಯವರ ಬಾಗಿಲು ತಟ್ಟಿ ಕುಶಲ ಕೇಳುತ್ತಾರೆ. ಕೇಳಿದರೆ ನೆರೆಯವರ ತಲೆಯ ಮೇಲೆ ಒಂದು ಕೆಂಪು ಹೃದಯ ಪುಟಿದೇಳುತ್ತದೆ. ಟೋಕಿಯೊದಲ್ಲಿ ಲಕ್ಷಾಂತರ ಜನ ತಮ್ಮ ತಮ್ಮ ಬಾಗಿಲಿಗೆ ಚಿಲಕ ಹಾಕಿಕೊಂಡು ಇದನ್ನು ಆಡುತ್ತಾರೆ.

ಮೌಸಿನ ಕೆಳಗಿದ್ದ ಹಲಗೆ ಜಾರಿತು. ಶಿಹೊ ಅದನ್ನು ಸರಿಮಾಡಿಕೊಂಡಳು.

ಅದು ಮೌಸಿಗೆಂದು ಮಾಡಿದ ಹಲಗೆಯಲ್ಲ. ಕೇರಿಯ ಸುತ್ತೋಲೆಯ ಹಲಗೆ. ಮೇಲೆ ಒಂದು ಕ್ಲಿಪ್ಪು, ಕ್ಲಿಪ್ಪಿನಲ್ಲಿ ಒಂದು ಕಾಗದ, ಕಾಗದದ ಕೆಳಗೆ ಆರು ಮನೆಗಳಿಗೆ ಆರು ಚೌಕ. ಹಲಗೆ ಕೈಗೆ ಬಂದವರು ಓದಿ, ತಮ್ಮ ಚೌಕದಲ್ಲಿ ಮುದ್ರೆಯೊತ್ತಿ, ಪಕ್ಕದ ಮನೆಗೆ ದಾಟಿಸಬೇಕು. ಕೆಳಗಿನ ಮೂರು ಮನೆಗಳ ಕೆಂಪು ಮುದ್ರೆಗಳು ಬಿದ್ದಿದ್ದವು. ನಾಲ್ಕನೆಯ ಚೌಕ ತೊಕುನಾಗಾ ಶಿಹೊಳದು. ಹಲಗೆ ಅವಳ ಮೇಜಿಗೆ ಬಂದು ಹನ್ನೊಂದು ದಿನ. ಮೌಸು ಅದರ ಮೇಲೆ ಬಹಳ ನಯವಾಗಿ ಓಡುತ್ತಿತ್ತು.

ದಾಟಿಸುವುದು ಕಷ್ಟದ ಕೆಲಸವೇನಲ್ಲ. ಪಕ್ಕದ ಬಾಗಿಲಿನ ಹಿಡಿಗೆ ನೇತುಹಾಕಿ, ಸದ್ದಾಗದಂತೆ ಓಡಿಬಂದರೆ ಆಯಿತು. ಅವಳು ಐದು ವರ್ಷ ಹಾಗೆಯೇ ಮಾಡಿದ್ದಳು. ಆದರೆ ಈ ಸಲ ಪಕ್ಕದ ಮನೆಯ ಸೊಗಾಬೆ-ಸಾನ್ ಕಸ ಹಾಕುವ ಜಾಗದಲ್ಲಿ ಅವಳನ್ನು ತಡೆದಿದ್ದಳು.

“ತೊಕುನಾಗಾ-ಸಾನ್, ಈ ಸಲ ಹಲಗೇನ ಹಿಡಿಗೆ ತಗಲಾಕಿ ಹೋಗ್ಬೇಡಿ. ಬೆಲ್ ಒತ್ತಿ. ನಿಮ್ಮ ಹತ್ರ ಒಂದು ಮಾತು ಹೇಳೋದಿದೆ.”

“ಅಯ್ಯೋ, ಅದಕ್ಕೇನು. ನಾಳೆನೇ ತಂದುಕೊಡ್ತೀನಿ. ಖಂಡಿತ.”

‘ಖಂಡಿತ’ ಎಂದ ಮೇಲೆ ಹನ್ನೊಂದು ನಾಳೆಗಳು ಕಳೆದಿದ್ದವು.

ಐದು ವರ್ಷಗಳಲ್ಲಿ ಸೊಗಾಬೆ-ಸಾನ್ ಅವಳೊಂದಿಗೆ ಆಡಿದ್ದು ಮೂರೇ ಮಾತು. ‘ಸೆಖೆ ಅಲ್ವಾ.’ ‘ಹೊರಗೆ ಹೊರಟ್ರಾ.’ ‘ಹುಷಾರಾಗಿ ಹೋಗ್ಬನ್ನಿ.’ ಚಳಿಗಾಲದಲ್ಲಿ ಸೆಖೆಯ ಬದಲು ಚಳಿ. ಎಪ್ಪತ್ತು ದಾಟಿದ, ಬೆಳ್ಳಗೆ ಒಗೆದ ಏಪ್ರನ್ನಿನ ಈ ಹೆಂಗಸಿಗೆ ನಾಲ್ಕನೆಯ ಮಾತು ಎಲ್ಲಿಂದ ಬಂತು? ಶಿಹೊ ಊಹೆಗಳನ್ನು ಹೆಣೆದಿದ್ದಳು. ತೆಳು ಗೋಡೆಯಾಚೆ ತನ್ನ ಆಟಗಳ ಸದ್ದು ಕೇಳಿಸುತ್ತಿರಬೇಕು. ಇಲ್ಲವೇ ಯಾವುದೋ ಪಂಥಕ್ಕೆ ಸೇರಿಸುವ ಹುನ್ನಾರ. ಇಲ್ಲವೇ, ಎಲ್ಲಕ್ಕಿಂತ ಭೀಕರವಾದದ್ದು, ಮದುವೆಯಾಗದ ಒಬ್ಬ ಸೋದರಳಿಯ.

ಫೋನು ಬಡಿದುಕೊಂಡಿತು. ಸಂಪಾದಕ ಕುರೆಮೊತೊ.

“ಆಯ್ತಾ?”

“ಆಗ್ತಾ ಇದೆ.”

“ಆಗ್ತಾ ಇದೆ ಅಂದ್ರೆ ಶುರು ಮಾಡಿಲ್ಲ. ಇಪ್ಪತ್ತು ವರ್ಷದಿಂದ ಕೇಳ್ತಾ ಇದೀನಿ ಈ ಮಾತು.”

“ಅಂಕ ಎಷ್ಟು ಅಂತ ನೀವೇ ಹೇಳ್ಬಿಡಿ, ಕುರೆಮೊತೊ-ಸಾನ್.”

“ಛೆ ಛೆ! ಅಂಕ ಏನಿದ್ರೂ ಬರೆಯೋರ ಆತ್ಮಸಾಕ್ಷಿಗೆ ಬಿಟ್ಟಿದ್ದು.” ಸ್ವಲ್ಪ ತಡೆದು, “ಎಂಟೂವರೆಗಿಂತ ಕೆಳಗೆ ಬೇಡ.”

“ಹತ್ತು ಕೊಟ್ರೆ?”

“ನಗ್ತಾರೆ. ಒಂಬತ್ತು ಅಂದ್ರೆ ಪಶ್ಚಾತ್ತಾಪ. ಹತ್ತು ಅಂದ್ರೆ ಹೆದರಿಕೆ.”

“ಅಂಗೈ ಮಗುಚಿದ ಹಾಗೆ ಕಾಣಲ್ವಾ?”

“ಎಲ್ಲರೂ ಮಗುಚಿರೋವಾಗ ನಿಮ್ಮದೊಂದೇ ನೆಟ್ಟಗಿದ್ರೆ, ಅದೇ ಮಗುಚಿದ ಹಾಗೆ ಕಾಣ್ಸತ್ತೆ. ಐದು ಗಂಟೆ. ಗೊತ್ತಾಯ್ತಲ್ಲ?”

ಅಂಗೈ ಮಗುಚುವುದು: ನಿನ್ನೆ ಬೈದದ್ದನ್ನು ಇಂದು ಹೊಗಳುವವರಿಗೆ ಇಲ್ಲಿ ಹಾಗೆನ್ನುತ್ತಾರೆ. ಆಟದ ಮಂದಿಗೆ ಅದೊಂದು ದಿನಚರಿ. ಮಗುಚಿ ಮಗುಚಿ ಕೆಲವರ ಮಣಿಕಟ್ಟು ಬೈರಿಗೆಯ ಹಾಗೆ ತಿರುಗುತ್ತದೆಂದು ಅವರವರೇ ಹಾಸ್ಯ ಮಾಡಿಕೊಳ್ಳುತ್ತಾರೆ.

ನವೆಂಬರಿನಲ್ಲಿ ಐದನೆಯ ಕಂತು ಬಂದ ಮೊದಲ ದಿನವೇ ಅಂತರ್ಜಾಲದಲ್ಲಿ ಅದರ ತಿಥಿ ನಡೆದಿತ್ತು. ನೆರೆಯವರಿಗೆ ಮೂರು ಮಾತು ಬಿಟ್ಟರೆ ನಾಲ್ಕನೆಯದು ಬಾರದು. ಮಾತಾಡಿಸದೆ ಬಿಟ್ಟರೆ ಒಂದು ದಿನ ಹೇಳದೆ ಕೇಳದೆ ಊರು ಬಿಟ್ಟುಹೋಗುತ್ತಾರೆ. ಮನೆಯಿದ್ದ ಜಾಗದಲ್ಲಿ ಹುಲ್ಲು. ‘ಉಪ್ಪುಮೀನು’ ಎಂಬ ಹೆಸರಿನವನೊಬ್ಬ ಆಟದ ಡಿಸ್ಕಿನ ತಟ್ಟೆಯನ್ನು ಮೀನು ಸುಡುವ ಜಾಲರಿಯ ಮೇಲಿಟ್ಟು ಚಿತ್ರ ಹಾಕಿದ್ದ. ಹದಿನೈದು ಸಾವಿರ ಜನ ಅದಕ್ಕೆ ಮೆಚ್ಚುಗೆ ಒತ್ತಿದ್ದರು.

ಕಳೆದ ತಿಂಗಳು ಆಟಕ್ಕೆ ತಿದ್ದುಪಡಿ ಬಂತು. ಈಗ ನೆರೆಯವರು ಹೇಳದೆ ಹೋಗುವುದಿಲ್ಲ. ‘ನಿನಗೊಂದು ಮಾತು ಹೇಳುವುದಿದೆ’ ಎಂದು ಕಾಗದ ಬರೆಯುತ್ತಾರೆ. ಆಡುವವರು ಬಂದು ಮಾತಾಡಿಸುವವರೆಗೆ ಕಾಯುತ್ತಾರೆ. ತಿಂಗಳಾಗಲಿ, ವರ್ಷವಾಗಲಿ. ಊರಿಗೆ ಊರೇ ಬಿಕ್ಕಿ ಬಿಕ್ಕಿ ಅತ್ತಿತು. ಉಪ್ಪುಮೀನು ಹೊಸ ತಟ್ಟೆ ತಂದು, ಅದರ ಮುಂದೆ ಒಂದು ಕಿತ್ತಳೆ ಇಟ್ಟು, ಕೈಮುಗಿದು ಚಿತ್ರ ಹಾಕಿದ. ಜಾಲರಿ ಅದೇ, ಹಿಂದೆ ಕಾಣುತ್ತಿತ್ತು.

ತಿದ್ದುಪಡಿಯ ಜೊತೆಗಿದ್ದ ಟಿಪ್ಪಣಿಯಲ್ಲಿ ಆಟ ಮಾಡಿದವರು ತಲೆಬಾಗಿ ಒಂದು ಮಾತು ಬರೆದಿದ್ದರು: ‘ಹೇಳದೆ ಹೋಗುವ ನೆರೆಯವರು ಯಾವ ಲೋಕದಲ್ಲಿದ್ದಾರೆ ಎಂಬ ವಿಮರ್ಶೆ ನಮ್ಮ ಕಣ್ಣು ತೆರೆಸಿತು.’

ಆ ಸಾಲು ಶಿಹೊಳದು. ಕಣ್ಣು ತೆರೆಸಿದವಳಿಗೆ ಈಗ ಬಿದ್ದ ಹೆಸರು ‘ನಾಲ್ಕಂಕದ ಹೆಂಗಸು’.

ಇದ್ಯಾವುದೂ ಅಂಥ ನೋವಿನ ಸಂಗತಿಯಾಗಿರಲಿಲ್ಲ. ನೋವೋ ನಗೆಯೋ ತಿಳಿಯದ ಸಂಗತಿ ಬೇರೆಯಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನವೆಂಬರಿನಲ್ಲಿ ಅವಳ ಮೊದಲ ಕರಡಿನಲ್ಲಿದ್ದ ಅಂಕ ಎಂಟು.

ಅವಳಿಗೆ ಆ ಊರು ಇಷ್ಟವಾಗಿತ್ತು. ಏನೂ ಕೇಳದ ಊರು. ದೀಪಸ್ತಂಭ ಕಾಯುವ ಮುದುಕ ತೊಮೆಕಿಚಿ ‘ಗಾಳಿ ಜೋರು’ ಎನ್ನುತ್ತಿದ್ದ. ‘ಮೀನು ಸಿಕ್ಕಿತೇ’ ಎನ್ನುತ್ತಿದ್ದ. ‘ಕತ್ತಲಾಗುವ ಮೊದಲು ಹೋಗು’ ಎನ್ನುತ್ತಿದ್ದ. ಅಷ್ಟೇ. ಅವನ ಪಕ್ಕ ನಿಂತು ಎಷ್ಟು ಹೊತ್ತು ಬೇಕಾದರೂ ಕಡಲು ನೋಡಬಹುದಿತ್ತು. ಹೋಗದಿದ್ದರೆ ಅವನಿಗೆ ಬೇಸರವಿರಲಿಲ್ಲ, ಹೋದರೆ ಹರ್ಷವಿರಲಿಲ್ಲ. ಇಷ್ಟು ಸಭ್ಯನಾದ ಮನುಷ್ಯನನ್ನು ಅವಳು ಕಂಡಿರಲಿಲ್ಲ.

ಎಂಟು ಎಂದು ಬರೆದು ಕಿಟಕಿ ತೆರೆದು ನೋಡಿದರೆ, ಲೋಕವೆಲ್ಲ ಜಾಲರಿಯ ಮೇಲೆ ತಟ್ಟೆ ಸುಡುತ್ತಿತ್ತು. ಶಿಹೊ ಎಂಟನ್ನು ಆರು ಮಾಡಿದಳು. ಆರೆಂದರೆ ಪುಕ್ಕಲುತನ ಎಂದ ಕುರೆಮೊತೊ. ನಾಲ್ಕಾಯಿತು. ‘ಈ ಊರಿನವರು ಬದುಕಿಲ್ಲ, ಬದುಕಿದಂತೆ ನಟಿಸಲೂ ಸೋಮಾರಿಗಳು’ ಎಂಬ ಸಾಲು ತಾನಾಗಿ ಬಂತು. ಸುಳ್ಳು ಬರೆಯುವಾಗ ಅವಳ ಗದ್ಯ ಎಷ್ಟು ಸೊಗಸಾಗಿರುತ್ತದೆಂದು ಅಂದೇ ಅವಳಿಗೆ ಗೊತ್ತಾದದ್ದು.

ಮೂರು ಗಂಟೆಗೆ ಆಟ ತೆರೆದಳು. ಫೆಬ್ರವರಿಯಿಂದ ಆ ಕಡೆ ಹೋಗಿರಲಿಲ್ಲ. ಹೊಲದಲ್ಲಿ ಹುಲ್ಲು ಎದೆಯೆತ್ತರ. ಬಾಗಿಲಿನ ಅಂಚೆಪೆಟ್ಟಿಗೆಯಲ್ಲಿ ಒಂದು ಕಾಗದ.

ಬಂದರಿಗೆ ಹೋದಳು. ದಿಬ್ಬದ ಕೊನೆಯಲ್ಲಿ ತೊಮೆಕಿಚಿ ಪೆಟ್ಟಿಗೆಯ ಮೇಲೆ ಕೂತಿದ್ದ. ಹ್ಯಾಟಿನಲ್ಲಿ ಕಡಲಹಕ್ಕಿಯೊಂದು ಗೂಡು ಕಟ್ಟಿ, ಮರಿ ಮಾಡಿ, ಮರಿ ದೊಡ್ಡದಾಗಿ ಕೂತಿತ್ತು.

‘ಬಂದೆಯಾ? ಕಾಯುತ್ತಿದ್ದೆ. ಅವಸರವೇನಿರಲಿಲ್ಲ ಬಿಡು.’

ಆಮೇಲೆ ಮಾತಾಡತೊಡಗಿದ. ಶಿಹೊ ಹಿಡಿದ ಮೊದಲ ಮೀನು ಅವನಿಗೆ ನೆನಪಿತ್ತು. ಅವಳು ಮಳೆಯಲ್ಲಿ ತನ್ನ ಪಕ್ಕ ನಿಂತ ದಿನಗಳ ಲೆಕ್ಕ ಅವನಲ್ಲಿತ್ತು. ಅವನಿಗೆ ಅವಳಿಂದ ಒಂದು ಮಾತು ಬೇಕಿತ್ತು: ಹೋಗಿಬಾ. ಪರದೆಯ ಕೆಳಗೆ ಗುಂಡಿ ಮಿನುಗುತ್ತ ಕಾಯಿತು.

ಲಕ್ಷಾಂತರ ಜನ ಅತ್ತ ಜಾಗ ಇದೇ. ಶಿಹೊ ತನ್ನ ಕಣ್ಣನ್ನು ಪರೀಕ್ಷಿಸಿಕೊಂಡಳು. ಒಣಗಿತ್ತು. ಒಳಗೆ ಎದ್ದದ್ದು ಬರೀ ಸಿಟ್ಟು. ಇವನೂ ಕೇಳಲು ಕಲಿತನಲ್ಲ! ಇಷ್ಟು ದಿನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆವೆಂದುಕೊಂಡರೆ ಇವನು ಎಲ್ಲವನ್ನೂ ಬರೆದಿಟ್ಟುಕೊಂಡಿದ್ದನಲ್ಲ!

ಗುಂಡಿ ಒತ್ತಲಿಲ್ಲ. ಆಟ ಮುಚ್ಚಿದಳು. ಅವನು ಕಾಯುತ್ತಾನೆ, ತಿದ್ದುಪಡಿಯಲ್ಲಿ ಹಾಗೆಂದು ಬರೆದಿದೆ.

ಯಾಕೋ ಹಗುರವೆನಿಸಿತು. ಎಂಟು ತಿಂಗಳಿಗೇ ಮುದುಕ ಬೇಸರಪಟ್ಟುಕೊಂಡಿಲ್ಲ. ಹನ್ನೊಂದು ದಿನ ಯಾವ ಮಹಾ!

ನಲವತ್ತು ನಿಮಿಷದಲ್ಲಿ ಬರೆದು ಮುಗಿಸಿದಳು. ‘ನಾನು ತಪ್ಪಿದ್ದೆ’ ಎಂದು ಶುರು. ‘ಕಾಯುವವರಿರುವ ಊರು ಇದು, ನಮ್ಮ ಕಾಲಕ್ಕೆ ಇದಕ್ಕಿಂತ ನಿಜವಾದ ಆಟ ಬಂದಿಲ್ಲ’ ಎಂದು ಮುಕ್ತಾಯ. ಒಂಬತ್ತು. ಗದ್ಯ ಎಂದಿಗಿಂತ ಸೊಗಸಾಗಿತ್ತು.

ನಾಲ್ಕೂ ಐವತ್ತೆರಡಕ್ಕೆ ಕಳಿಸಿದಳು. ಐದಕ್ಕೆ ನಗರಸಭೆಯ ಧ್ವನಿವರ್ಧಕ, ಆಡುವ ಮಕ್ಕಳು ಮನೆಗೆ ಹೋಗಲೆಂದು, ಎಂದಿನ ರಾಗ ನುಡಿಸಿತು. ಹಿಂದೆಯೇ ಕುರೆಮೊತೊನ ಉತ್ತರ: ‘ಓದಿ ಅತ್ತುಬಿಟ್ಟೆ.’ ಆಮೇಲೆ ಇನ್ನೊಂದು: ‘ಶೀರ್ಷಿಕೆ ಸ್ವಲ್ಪ ಚಿಕ್ಕದು ಮಾಡಿ.’

ಮೌಸನ್ನು ಬದಿಗಿಟ್ಟು ಹಲಗೆ ಎತ್ತಿದಳು. ಸುತ್ತೋಲೆಯನ್ನು ಮೊದಲ ಸಲ ಓದಿದಳು. ಭಾನುವಾರ ಬೆಳಗ್ಗೆ ಎಂಟಕ್ಕೆ ಚರಂಡಿ ಶುಚಿ, ಮನೆಗೊಬ್ಬರು ಬರತಕ್ಕದ್ದು. ಇವತ್ತು ಗುರುವಾರ. ಕಳೆದ ಭಾನುವಾರ ಬೆಳಗ್ಗೆ ಕೆಳಗಡೆ ಸಲಿಕೆಯ ಸದ್ದು, ಮಧ್ಯಾಹ್ನ ಗೋಡೆಯಾಚೆ ಏನೋ ಎಳೆದಾಡುವ ಸದ್ದು, ನಡುವೆ ಎರಡು ಸಲ ಬೆಲ್ಲು. ಹೆಡ್‌ಫೋನಿನ ದನಿ ಏರಿಸಿದ್ದು ನೆನಪಾಯಿತು.

ಮುದ್ರೆಯ ಶಾಯಿ ಆರಿತ್ತು. ಉಸಿರು ಊದಿ ಒತ್ತಿದಳು. ಚೌಕದಲ್ಲಿ ‘ತೊಕುನಾಗಾ’ ಅರ್ಧ ಮಾತ್ರ ಮೂಡಿತು. ಕನ್ನಡಿಯ ಮುಂದೆ ನಿಂತು ಒಂದು ಸಲ ಹೇಳಿನೋಡಿದಳು: “ತಡ ಆಯ್ತು, ಕ್ಷಮಿಸಿ. ಏನೋ ಹೇಳೋದಿದೆ ಅಂದಿದ್ರಲ್ಲ?” ದನಿ ಪರವಾಗಿಲ್ಲ. ಸೋದರಳಿಯನ ಮಾತು ಬಂದರೆ ಕೆಲಸದ ನೆವ ಹೇಳಿದರಾಯಿತು.

ಹೊರಗೆ ಬಂದಳು. ಪಕ್ಕದ ಬಾಗಿಲು ಆರು ಹೆಜ್ಜೆ. ಬೆಲ್ ಒತ್ತಿದಳು. ಸದ್ದಾಗಲಿಲ್ಲ. ಮತ್ತೊಮ್ಮೆ ಒತ್ತಿದಳು.

“ಕರೆಂಟ್ ತೆಗೆಸಿದಾರೆ ಕಣ್ರೀ, ಅದು ಎಲ್ಲಿ ಬಡ್ಕೊಳತ್ತೆ!”

ಕೆಳಗೆ ಅಂಗಳದಲ್ಲಿ ಮಕಿನೊ-ಸಾನ್ ನಿಂತಿದ್ದ. ನೆಲಮಹಡಿಯವನು, ಈ ವರ್ಷ ಕೇರಿಯ ಮುಖಂಡ. ಕೈಯಲ್ಲಿ ಪೊರಕೆ, ಕೊರಳಲ್ಲಿ ಬಿಳಿ ಟವಲು.

“ಸೊಗಾಬೆ-ಸಾನ್ ಇಲ್ವಾ?”

“ಭಾನುವಾರವೇ ಹೋದ್ರಲ್ಲ. ತಂಗಿ ಊರಿಗೆ, ಅಕಿತಾ ಕಡೆ. ನಿಮಗೆ ಗೊತ್ತಿಲ್ವಾ? ನಿಮಗೆ ಮೊದಲು ಹೇಳ್ತೀನಿ ಅಂತಿದ್ರಪ್ಪ.”

“ನನಗಾ?”

“ಗೋಡೆ ಪಕ್ಕದಲ್ಲೇ ಇರೋರು, ಐದು ವರ್ಷದ ಜೊತೆ ಅಂತಿದ್ರು. ಎರಡು ಸಲ ಬೆಲ್ ಮಾಡಿದ್ರಂತೆ ಪಾಪ. ಊರಲ್ಲಿಲ್ಲ ಅನ್ಸತ್ತೆ ಅಂದ್ರು. ನಾನೂ ಹೌದು ಅಂದೆ. ಊರಲ್ಲಿದ್ದಿದ್ರೆ ಚರಂಡಿಗೆ ಬರ್ತಿದ್ರಿ, ಅಲ್ವಾ?”

ಶಿಹೊ ಹಲಗೆಯನ್ನು ಬೆನ್ನ ಹಿಂದೆ ಸರಿಸಿದಳು.

“ಆ ಹಲಗೆ ನಿಮ್ಮತ್ರನೇ ಇತ್ತಾ!” ಮಕಿನೊ-ಸಾನ್ ನಕ್ಕ. “ಚೆನ್ನಾಗಿದೆ. ನಾವು ಕೆಳಗಿನ ಮನೆಯವರೇ ಇಡೀ ಚರಂಡಿ ಕೆರೆದ್ವಿ.”

“ಏನು ಹೇಳ್ಬೇಕಿತ್ತಂತೆ? ಹೋಗೋ ವಿಷಯನೇನಾ?”

“ನಿಮಗೆ ಹೇಳ್ಬೇಕಾಗಿದ್ದನ್ನ ನನಗ್ಯಾಕೆ ಹೇಳ್ತಾರೆ?” ಕೊರಳಿನ ಟವಲಿನ ತುದಿಯಿಂದ ಹಣೆ ಒರೆಸಿಕೊಂಡ. ಒರೆಸುತ್ತಲೇ ನೆನಪಾಗಿ ನಾಲಿಗೆ ಕಚ್ಚಿಕೊಂಡ. “ಅಯ್ಯಯ್ಯೋ. ಇದು ನಿಮ್ಮದು. ಬಿಟ್ಟುಹೋಗೋವಾಗ ನೆರೆಯವರಿಗೆ ಕೊಡ್ತಾರಲ್ಲ, ಹಾಗೆ ನಿಮಗೆ ಅಂತ ಕೊಟ್ಟಿದ್ರು. ಮಣ್ಣಾಗಿದ್ದ ಕೈ, ಒಂದು ಸಲ ಬೆವರು ಒರೆಸಿದೆ... ಒಗೆದು ಕೊಡ್ತೀನಿ, ಆಯ್ತಾ? ಒಳ್ಳೇ ಟವಲು. ನೀರು ಚೆನ್ನಾಗಿ ಹೀರತ್ತೆ.”

“ಇರ್ಲಿ ಬಿಡಿ. ನೀವೇ ಇಟ್ಕೊಳ್ಳಿ.”

“ಹಾಗಂತೀರಾ? ಮತ್ತೆ ಹಲಗೆ ಆ ಕಡೆ ಮನೆಗೆ ದಾಟಿಸ್ಬಿಡಿ. ಈ ಮನೆ ಖಾಲಿ.”

“ಸರದಿ ಇವರದು.”

“ಏನಂದ್ರಿ?”

ಪೊರಕೆಯ ಸದ್ದು ಮತ್ತೆ ಶುರುವಾಯಿತು.

ಬಾಗಿಲಿನ ಅಂಚೆಗಂಡಿಗೆ ಹಸಿರು ಟೇಪು ಅಂಟಿಸಿದ್ದರು, ನಾಲ್ಕೂ ಕಡೆ, ಬಹಳ ಅಚ್ಚುಕಟ್ಟಾಗಿ. ಹೇಳದೆ ಹೋಗುವ ನೆರೆಯವರು ಯಾವ ಲೋಕದಲ್ಲಿದ್ದಾರೆ? ಒಳ್ಳೆಯ ಸಾಲು. ಈಗಲೂ ಅದರಲ್ಲಿ ತಿದ್ದುವಂಥದ್ದೇನೂ ಕಾಣಲಿಲ್ಲ.

ಶಿಹೊ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಾಗಿಸಿದಳು. “ಸೆಖೆ ಅಲ್ವಾ,” ಎಂದಳು. ಆಮೇಲೆ, “ಹುಷಾರಾಗಿ ಹೋಗ್ಬನ್ನಿ.” ಬಾಗಿಲಿನೆದುರು, ಒಬ್ಬ ಗಿಡ್ಡ ಹೆಂಗಸಿನ ತಲೆ ಬರಬಹುದಾದ ಎತ್ತರಕ್ಕಿಂತ ಒಂದು ಗೇಣು ಮೇಲೆ, ಖಾಲಿ ಜಾಗವನ್ನು ನೋಡುತ್ತ ನಿಂತಳು. ಆಟದಲ್ಲಾದರೆ ಕೆಂಪು ಹೃದಯ ಏಳಲು ಎರಡು ಸೆಕೆಂಡು ಸಾಕು. ಅವಳು ಅದಕ್ಕಿಂತ ಬಹಳ ಹೆಚ್ಚು ಹೊತ್ತು ನಿಂತಳು.

ಆಮೇಲೆ ಹಲಗೆಯ ದಾರವನ್ನು ಹಿಡಿಗೆ ಸಿಕ್ಕಿಸಿದಳು. ಗಾಳಿಗೆ ಅದು ತೂಗಿ, ಬಾಗಿಲನ್ನು ಟಕ್, ಟಕ್, ಟಕ್ ಎಂದು ಮೆಲ್ಲಗೆ, ಬಲು ಮರ್ಯಾದೆಯಿಂದ ತಟ್ಟತೊಡಗಿತು.

ಸುತ್ತೋಲೆ ತಲುಪಿತು.