ಚರಂಡಿಯ ತಿಳಿನೀರು

ಇಂಥದ್ದನ್ನು ಹೇಳುವಷ್ಟು ತಿಳಿದವಳಲ್ಲ ನಾನು. ಓದಿದ್ದು ಸಂಜೆ ಶಾಲೆಯಲ್ಲಿ. ಎಲ್ಲಾದರೂ ತಪ್ಪಿದರೆ ಕ್ಷಮಿಸಿ. ನಮ್ಮ ಮನೆಯಲ್ಲೇ ನಡೆದದ್ದರಿಂದ ಹೇಳದೆ ಇರಲಾರೆ.

ನಾನಿರುವುದು ಅಕ್ಕನ ಮನೆಯಲ್ಲಿ. ಭಾವನದು ನೂಲಿಗೆ ಬಣ್ಣ ಹಾಕುವ ಕೆಲಸ. ಬಣ್ಣದ ತೊಟ್ಟಿಯ ನೀರು ಹಿತ್ತಿಲ ಚರಂಡಿಗೆ ಹೋಗುತ್ತಿತ್ತು. ಅದು ಹರಿಯುವ ತಗ್ಗಿನಲ್ಲಿ ದರ್ಜಿಯಮ್ಮನ ಮನೆ, ಬಾವಿ. ಈಚೆಗೆ ಬಾವಿಯ ನೀರು ಉಪ್ಪಾಗಿತ್ತು. ಅವಳ ಮಗುವಿಗೆ ಮೈಯೆಲ್ಲ ಕೆರೆತ.

ಭಾವನ ಪರವಾನಗಿ ಮುಗಿಯುತ್ತಾ ಬಂದಾಗ ಪರವಾನಗಿ ಕಚೇರಿಯವರು ಬೀದಿಯ ಗೋಡೆಗೆ ನೋಟಿಸ್ ಅಂಟಿಸಿದರು. ಇನ್ನು ಹೊರಬಿಡುವ ನೀರಿಗೂ ಹೊಗೆಗೂ ಸೇರಿ ಒಂದೇ ಅರ್ಜಿ. ಆದರೆ ನೀರಿನ ಪರೀಕ್ಷೆಯಾಗಬೇಕು, ಅಕ್ಕಪಕ್ಕದವರ ಸಭೆಯೂ ನಡೆಯಬೇಕು.

"ಸುಲಭ ಮಾಡಿದ್ದಾರೋ ಕಷ್ಟ ಮಾಡಿದ್ದಾರೋ, ನೀನೇ ಹೇಳಮ್ಮ, ಓದಿದವಳು" ಎಂದರು ಭಾವ. ನಾನು ಮೂರು ಸಲ ಓದಿದೆ. ನನಗೂ ತಿಳಿಯಲಿಲ್ಲ.

ಪರವಾನಗಿ ಕಚೇರಿಯಲ್ಲಿ ಕೆಲಸ ಮಾಡುವ ಗೆಳತಿಯನ್ನು ಕರೆತಂದೆ. ಅವಳು ಚರಂಡಿಗೆ ಬಗ್ಗಿ ನೋಡಿದಳು. "ನೀರು ಇಷ್ಟು ತಿಳಿಯಾಗಿದೆಯಲ್ಲ, ಹೇಗೆ?"

"ಬ್ಲೀಚಿಂಗ್ ಪುಡಿ ಹಾಕ್ತೀನಿ" ಭಾವ ಬೀಗಿದರು. "ನಮ್ಮ ಕಸುಬಿನವರೆಲ್ಲ ಹೀಗೇ ಮಾಡೋದು. ಬಣ್ಣ ಹೋದ್ರೆ ಕೊಳೆ ಹೋಯ್ತು."

"ನೂಲಿಗೆ ಬಣ್ಣ ಹಿಡೀಲಿ ಅಂತ ಹಾಕಿದ ಉಪ್ಪು, ಸೋಡಾ ಎಲ್ಲಿ ಹೋಯ್ತು? ಅದರ ಮೇಲೆ ಈ ಪುಡಿ ಬೇರೆ!" ಎಂದಳು ಗೆಳತಿ.

ಅಕ್ಕನೂ ಬಿಡಲಿಲ್ಲ. "ನನ್ನ ಅಡುಗೆಯಲ್ಲಿ ಚಿಟಿಕೆ ಉಪ್ಪು ಹೆಚ್ಚಾದ್ರೂ ಮನೆ ತಲೆಕೆಳಗು ಮಾಡ್ತೀರಿ. ಚರಂಡಿಗೆ ಮೂಟೆಗಟ್ಟಲೆ ಸುರಿದ್ರೂ ಗೊತ್ತಾಗಲ್ವಾ?"

"ಹಿಂದೆ ತಪಾಸಣೆಗೆ ಬಂದವರು ಬಣ್ಣವನ್ನಷ್ಟೇ ನೋಡಿ ಹೋಗ್ತಿದ್ರು" ಎಂದಳು ಗೆಳತಿ. "ಕೆಳಗಿನ ಬಾವಿಯನ್ನ ಯಾರೂ ಕೇಳ್ತಿರಲಿಲ್ಲ. ಅದಕ್ಕೇ ಈ ಬದಲಾವಣೆ."

"ಸಭೆಯಲ್ಲಿ ಬೈದು ನನ್ನ ಕೆಲಸ ನಿಲ್ಲಿಸಿಬಿಟ್ರೆ?"

"ಇದ್ದದ್ದನ್ನ ಇದ್ದ ಹಾಗೆ ಹೇಳಿ. ಸರಿಮಾಡೋಕೆ ಸಮಯ ಕೊಡ್ತಾರೆ."

ಸಭೆಯ ದಿನ ದರ್ಜಿಯಮ್ಮ ಬೈಯಲಿಲ್ಲ. ಬಾವಿಯ ನೀರಿನ ಲೋಟವನ್ನು ಭಾವನ ಮುಂದಿಟ್ಟಳು. "ನೋಡೋಕೆ ಚೆನ್ನಾಗೇ ಇದೆ ಅಣ್ಣ. ಒಂದು ಗುಟುಕು ಕುಡೀರಿ."

ಭಾವ ಲೋಟವನ್ನು ತುಟಿಯ ತನಕ ಒಯ್ದು ಕೆಳಗಿಟ್ಟರು. "ತಪ್ಪಾಯ್ತು ತಂಗಿ. ಇನ್ಮೇಲೆ ಒಂದು ಹನಿಯನ್ನೂ ಚರಂಡಿಗೆ ಬಿಡಲ್ಲ. ಟ್ಯಾಂಕರ್‌ನಲ್ಲಿ ತುಂಬಿಸಿ ಶುದ್ಧೀಕರಣ ಘಟಕಕ್ಕೆ ಕಳಿಸ್ತೀನಿ." ಅಧಿಕಾರಿಗಳು ಆ ಮಾತನ್ನು ಪರವಾನಗಿಯ ಷರತ್ತಾಗಿಯೇ ಬರೆದುಕೊಂಡರು.

ನಿಮ್ಮ ಬೀದಿಯಲ್ಲೂ ಇಂಥ ನೋಟಿಸ್ ಕಂಡರೆ ದಾಟಿ ಹೋಗಬೇಡಿ. ಅರ್ಥವಾಗದಿದ್ದರೆ ನನ್ನಂತೆ ಯಾರನ್ನಾದರೂ ಕೇಳಿ. ಸಭೆಗೆ ಹೋಗಿ, ನಿಮ್ಮ ಬಾವಿಯ ಮಾತು ಹೇಳಿ.

ದರ್ಜಿಯಮ್ಮ ಈಗ ನಮ್ಮ ನಲ್ಲಿಯಿಂದ ಕೊಡ ತುಂಬಿಕೊಂಡು ಹೋಗುತ್ತಾಳೆ. ಅವಳ ಬಾವಿ ಎಂದಿಗೆ ಸಿಹಿಯಾಗುತ್ತದೆ ಎಂದು ಗೆಳತಿಯನ್ನು ಕೇಳಿದೆ. ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.