ಬೆರಳು ಅಗಲಿಸು

ಸಹಿ ಹಾಕಲೆಂದು ಪೆನ್ನಿನ ಮುಚ್ಚಳ ತೆಗೆದ ಟೈಲರ್ ಮಾವ ಹಾಗೇ ನಿಂತುಬಿಟ್ಟ.

ಎದುರಿನ ಕುರ್ಚಿಯಲ್ಲಿ ಕುಣಿತದ ಹುಡುಗಿ ಕೂತಿದ್ದಳು. ಮೊಬೈಲಿನಲ್ಲಿ ನಲವತ್ತು ಲಕ್ಷ ಜನ ಅವಳ ಕುಣಿತ ನೋಡುತ್ತಾರಂತೆ. ಇನ್ನೊಂದು ಗಂಟೆಗೆ ಅವಳು ಮಾವನ ತಂಗಿಯ ಮಗಳ ಎದುರು ರಿಂಗಿಗೆ ಇಳಿಯಬೇಕು. ಗ್ಲೌಸ್ ತೊಡುವ ಮುಂಚೆ ಕೈಗೆ ಪಟ್ಟಿ ಸುತ್ತುವುದನ್ನು ಎದುರಾಳಿ ಕಡೆಯ ಒಬ್ಬರು ನಿಂತು ನೋಡಿ, ಪಟ್ಟಿಯ ಮೇಲೆ ಸಹಿ ಹಾಕಬೇಕೆಂಬುದು ಬಾಕ್ಸಿಂಗಿನ ಕಟ್ಟಳೆ. ಪಟ್ಟಿಯೊಳಗೆ ಗಟ್ಟಿ ಸಾಮಾನು ಬಚ್ಚಿಡುವ ಪುಣ್ಯಾತ್ಮರೂ ಇರುತ್ತಾರಲ್ಲ, ಅದಕ್ಕೆ.

ಇಲ್ಲಿ ಮೋಸವೇನೂ ಇರಲಿಲ್ಲ, ಇದ್ದದ್ದು ದಡ್ಡತನ. ಕ್ಯಾಮೆರಾಕ್ಕೆ ಅಂದವಾಗಿ ಕಾಣಲೆಂದು ಅವಳ ಕಡೆಯವನು ಬಲಗೈಯ ಬೆರಳುಗಳನ್ನೆಲ್ಲ ಒತ್ತಾಗಿ ಜೋಡಿಸಿ ಪಟ್ಟಿ ಸುತ್ತಿದ್ದ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಗಿರಾಕಿಗಳನ್ನು ಮಾವ ಬೇಕಾದಷ್ಟು ಕಂಡಿದ್ದ. ಅಂಗಿ ಹಾಕಿ ಕೂತ ಕೂಡಲೇ ಗುಂಡಿ ಹಾರುತ್ತದೆ. ಇದೂ ಅದೇ ಕಥೆ. ಮುಷ್ಟಿ ಕಟ್ಟಿದರೆ ಕೈ ಜೋಮು ಹಿಡಿಯುತ್ತದೆ, ಮೂರನೇ ಏಟಿಗೆ ಹೆಬ್ಬೆರಳು ಉಳುಕುತ್ತದೆ. ಆಮೇಲೆ ಆಟ ಎಲ್ಲಿಯದು?

ಅವಳು ಸೋಲಲಿ ಎಂದು ತಾನೇ ಮಾವ ಬಯಸಿದ್ದೂ? ಹಗಲು ಹೊಲಿಗೆ, ಸಂಜೆ ಗರಡಿಯಂಥ ಒಂದು ಹಳೇ ಶೆಡ್ಡಿನಲ್ಲಿ ಬಾಕ್ಸಿಂಗ್ ಕಲಿಯುವ ಹುಡುಗಿಯರ ಕೈಗೆ ಪಟ್ಟಿ, ಹೀಗೆ ಅವನ ಇಪ್ಪತ್ತು ವರ್ಷ ಕಳೆದಿತ್ತು. ತಂಗಿಯ ಮಗಳ ಏಟು ಚುಚ್ಚಿದ ಹಾಗೆ ಬೀಳುತ್ತಿದ್ದರಿಂದ ಅವಳಿಗೆ ಸೂಜಿ ಎಂದು ಹೆಸರಿಟ್ಟವನೂ ಅವನೇ. ಈ ಪಂದ್ಯಕ್ಕೆ ಅವಳು ಒಪ್ಪಿದಾಗ ಮಾವ ಎರಡು ದಿನ ಮಾತು ಬಿಟ್ಟಿದ್ದ. ಆಟ ಗೊತ್ತಿಲ್ಲದವರು ಬಂದು ಆಡಿದರೆ ಆಟವೇ ಕೆಡುತ್ತದೆ ಎಂಬುದು ಅವನ ವಾದ.

"ಎಂಟು ವರ್ಷ ಆಡಿದೀನಿ ಮಾವ. ನೋಡೋಕೆ ಬಂದೋರು ಕುರ್ಚಿ ಬಾಡಿಗೆಯವನೂ ಸೇರಿ ಮೂವತ್ತು ಜನ," ಎಂದಿದ್ದಳು ಸೂಜಿ. "ತುಂಬಿದ ಹಾಲ್ ಹೇಗಿರುತ್ತೆ ಅಂತ ಒಂದ್ಸಲ ನೋಡ್ಬೇಕು."

ನೋಡುವುದೇನೋ ಸರಿ. ಆದರೆ ಕುಣಿಯುವವಳ ಕೈಲಿ ಸೋತರೆ ಆ ಎಂಟು ವರ್ಷವೂ ನಗೆಪಾಟಲು. ಈಗ ಸುಮ್ಮನೆ ಸಹಿ ಗೀಚಿದರೆ ಆ ಭಯವೇ ಇಲ್ಲ.

ಹುಡುಗಿಯ ಎಡಗೈಗೆ ಇನ್ನೂ ಪಟ್ಟಿ ಬಿದ್ದಿರಲಿಲ್ಲ. ಮಾವನ ಕಣ್ಣು ಅಲ್ಲಿಗೆ ಹೋಯಿತು. ಗೆಣ್ಣಿನ ಚರ್ಮ ಸುಲಿದು, ಮಾಗಿ, ಮತ್ತೆ ಸುಲಿದು, ಹಳೇ ಚಪ್ಪಲಿಯ ತೊಗಲಿನಂತೆ ಗಟ್ಟಿಯಾಗಿತ್ತು. ಕ್ಯಾಮೆರಾದ ಮುಂದೆ ಕುಣಿದರೆ ಅಂಥ ಕೈ ಬರುವುದಿಲ್ಲ. ತಿಂಗಳುಗಟ್ಟಲೆ ಮರಳಿನ ಚೀಲಕ್ಕೆ ಗುದ್ದಿದರಷ್ಟೇ ಬರುತ್ತದೆ.

ಅವನು ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. "ಬಿಚ್ಚು," ಎಂದ.

ಅವಳ ಕಡೆಯವನು ತಕರಾರು ತೆಗೆದ. ಮಾವ ಅವನತ್ತ ತಿರುಗಿಯೂ ನೋಡಲಿಲ್ಲ. ಕುರ್ಚಿಯ ಮುಂದೆ ಮಂಡಿಯೂರಿ, ಪಟ್ಟಿ ಬಿಚ್ಚಿ ತಾನೇ ಹೊಸದಾಗಿ ಸುತ್ತಲು ಕೂತ.

"ಬೆರಳು ಅಗಲಿಸು ತಾಯಿ. ಇನ್ನೂ ಅಗಲ. ಹಾಂ, ಹಾಗೇ ಇಟ್ಕೋ. ಯಾರು ಕಲಿಸಿದ್ದು ನಿಂಗೆ?"

"ನಿಮ್ಮ ಹುಡುಗೀನೇ," ಎಂದಳು ಅವಳು. "ಶೆಡ್ಡಲ್ಲಿ ಆಡಿದ ಪಂದ್ಯದ ವಿಡಿಯೋ ಹಾಕಿದೀರಲ್ಲ? ಇನ್ನೂರ ಹತ್ತು ಸಲ ನೋಡಿದಾರೆ ಅಂತ ತೋರ್ಸುತ್ತೆ. ಅದ್ರಲ್ಲಿ ಇನ್ನೂರು ನಾನೇ."

ಮಾವನಿಗೆ ನಗು ಬಂತು. ನಕ್ಕರೆ ಕೈ ನಡುಗೀತೆಂದು ತಡೆದುಕೊಂಡ.

ಪಂದ್ಯದ ಹಾಲ್ ಒಳಗೆ ಕಾಲಿಟ್ಟು ಮಾವ ಸುತ್ತಲೂ ಕಣ್ಣಾಡಿಸಿದ. ಹದಿನಾಲ್ಕು ಸಾವಿರ ತಲೆ, ಒಂದೊಂದು ತಲೆಯ ಮೇಲೂ ಒಂದೊಂದು ಮೊಬೈಲು. ಮೊದಲ ಎರಡು ಸುತ್ತು ಸೂಜಿ ಪಾಠ ಹೇಳಿಕೊಟ್ಟಳು ಎನ್ನಬೇಕು. ಜನ ಸಿಳ್ಳೆ ಹೊಡೆದು, ಒಂದು ಸ್ಟೆಪ್ ಹಾಕು ಎಂದು ಹುಡುಗಿಯನ್ನು ಕಿಚಾಯಿಸುತ್ತಿದ್ದರು.

ಮೂರನೇ ಸುತ್ತಿನಲ್ಲಿ ಆ ಬಲಗೈ, ಮಾವನೇ ಸುತ್ತಿದ ಬಲಗೈ, ಸೂಜಿಯ ದವಡೆಗೆ ನೇರವಾಗಿ ಬಂತು. ಸೂಜಿ ಕುಸಿದಳು.

ರೆಫರಿ ಎಣಿಸತೊಡಗಿದ. ಮಾವ ಹಗ್ಗ ಹಿಡಿದುಕೊಂಡ. ಏಳಕ್ಕೆ ಅವಳು ಎದ್ದಳು. ಸುತ್ತು ಮುಗಿದು ಮೂಲೆಗೆ ಬಂದಾಗ ತುಟಿಯಲ್ಲಿ ರಕ್ತವಿತ್ತು.

"ಅವಳ ಬಲಗೈ ಏನ್ ಮಾವ, ಸುತ್ತಿಗೆ ಇದ್ದಂಗಿದೆ."

"ಪಟ್ಟಿ ನಾನೇ ಸುತ್ತಿದ್ದು."

ಸೂಜಿ ರಕ್ತದ ಹಲ್ಲಲ್ಲೇ ನಕ್ಕಳು. "ಅದಕ್ಕೇ ಇಷ್ಟು ನೋಯ್ತು."

ಕೊನೆಯ ಸುತ್ತಿನಲ್ಲಿ ಇಬ್ಬರೂ ಹಿಂದೆ ಸರಿಯಲಿಲ್ಲ. ಆಗ ಮಾವ ಅದನ್ನು ಕಂಡ: ಮೊದಲು ಮುಂದಿನ ಸಾಲಿನಲ್ಲಿ, ಆಮೇಲೆ ಅದರ ಹಿಂದೆ, ಮೊಬೈಲುಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಚಿತ್ರ ಹಿಡಿಯುವುದನ್ನೇ ಮರೆತು ಜನ ಬರಿಗಣ್ಣಲ್ಲಿ ನೋಡುತ್ತಿದ್ದರು. ಸಿಳ್ಳೆ ಎಂದೋ ನಿಂತಿತ್ತು. ಹದಿನಾಲ್ಕು ಸಾವಿರ ಜನ ಒಟ್ಟಿಗೆ ಉಸಿರು ಬಿಗಿಹಿಡಿದಾಗ ಅದಕ್ಕೂ ಒಂದು ಸದ್ದಿರುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಆ ಸದ್ದು ಹೇಗೆ ಕೇಳಬೇಕು?

ಎರಡೇ ಅಂಕದಿಂದ ಸೂಜಿ ಗೆದ್ದಳು.

ಆಮೇಲೆ ಮಾವ ಒಳಕೋಣೆಯಲ್ಲಿ ಪಟ್ಟಿ ಬಿಡಿಸಲು ಕತ್ತರಿ ಹುಡುಕುತ್ತಿದ್ದಾಗ ಇಬ್ಬರೂ ಗ್ಲೌಸ್ ಕಳಚಿ ಬಂದು ಒಂದೇ ಬೆಂಚಿನ ಮೇಲೆ ಕೂತರು, ಬೆವರಲ್ಲಿ ತೊಯ್ದು. ಕತ್ತರಿ ಸಿಕ್ಕಿ ಅವನು ತಿರುಗಿದಾಗ ನಾಲ್ಕು ಕೈ ಮುಂದೆ ಚಾಚಿದ್ದವು, ಅವನು ಹೇಳುವ ಮೊದಲೇ ಬೆರಳು ಅಗಲಿಸಿಕೊಂಡು.