ಓಟಕ್ಕೆ ಹುಟ್ಟಿದ ಹುಡುಗ

ಬಹ್ರೇನಿನ ಮನಾಮಾದ ಆ ಶಾಲೆಯಲ್ಲಿ ಗಿಫ್ಟೆಡ್ ಕ್ಲಾಸಿಗೆ, ಅಂದರೆ ಅತಿ ಬುದ್ಧಿವಂತರ ತರಗತಿಗೆ, ಮಕ್ಕಳನ್ನು ಆರಿಸುವ ಕ್ರಮ ಬಹಳ ಸುಲಭದ್ದು. ಪರೀಕ್ಷೆಗೆ ಯಾರು ಕೂರಬೇಕೆಂದು ಟೀಚರು ಹೇಳಬೇಕು; ಟೀಚರ ಕಣ್ಣಿಗೆ ಬೀಳದ ಬುದ್ಧಿ ಬುದ್ಧಿಯೇ ಅಲ್ಲ. ಆರನೆಯ ಕ್ಲಾಸಿನ ಕೀತ್, ತನ್ನ ಕ್ಲಾಸ್ ಟೀಚರಾದ ಹೇಜಲ್ ಅವರ ಕಣ್ಣಿಗೇನೋ ಬಿದ್ದಿದ್ದ. ಹಳಿಯಾಳ ಕಡೆಯ ಸಿದ್ದಿ ಹುಡುಗ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಕುಲ, ಕಪ್ಪು ಮೈ, ಗುಂಗುರು ಕೂದಲು. ಟೀಚರಿಗೆ ಅಷ್ಟು ಸಾಕಾಯಿತು. ಅವನನ್ನು ಕೇಳದೆಯೇ ಓಟದ ತಂಡಕ್ಕೆ ಸೇರಿಸಿಬಿಟ್ಟರು.

ಕೀತ್ ಓಡುವುದನ್ನು ನೋಡಬೇಕು! ಶಾಲೆಯ ಬಸ್ಸು ಹೊರಟರೂ ನಡೆದೇ ಬರುವ ಆಸಾಮಿ. ಸ್ಪೋರ್ಟ್ಸ್ ಡೇಯಲ್ಲಿ ಕೊನೆಯವನಾಗಿ ಬಂದಾಗ ಟೀಚರು ಗಾಬರಿಯಿಂದ ಅವನ ಹಣೆ ಮುಟ್ಟಿ, ಜ್ವರವೇ ಎಂದು ಕೇಳಿದರು.

ಅವನ ಅಮ್ಮ ಅಪೊಲಿನ್ ನರ್ಸ್. ಮಗ ಅನ್ನ ಆರಲು ಬಿಟ್ಟು ಒಂಬತ್ತನೆಯ ಕ್ಲಾಸಿನ ಲೆಕ್ಕ ಬಿಡಿಸುವುದನ್ನು ದಿನವೂ ಕಂಡವಳು. ಅಲ್ಲಿ ರಜೆಯ ದಿನವಾದ ಶುಕ್ರವಾರ, ಚರ್ಚಿನಲ್ಲಿ ಪೂಜೆ ಮುಗಿದದ್ದೇ ಇಗರ್ಜಿಯ ಅಂಗಳದಲ್ಲಿ ಟೀಚರನ್ನು ಹಿಡಿದಳು.

"ಟೀಚರ್, ನನ್ನ ಮಗನನ್ನೂ ಪರೀಕ್ಷೆಗೆ ಕೂರ್ಸಿ."

"ಅಯ್ಯೋ ಅಪೊಲಿನ್, ಅವನಿಗೆ ಯಾಕೆ ಸುಮ್ಮನೆ ಟೆನ್ಶನ್? ನಿಮ್ಮವರಿಗೆ ಓಟ ರಕ್ತದಲ್ಲೇ ಉಂಟಲ್ಲ, ದೇವರು ಕೊಟ್ಟದ್ದು!"

"ದೇವರು ಕೊಟ್ಟದ್ದು ಲೆಕ್ಕ, ಟೀಚರ್. ಓಟ ಕೊಟ್ಟದ್ದು ನೀವು."

ಸುತ್ತಲಿನ ನಾಲ್ಕು ಜನ ಕಿವಿ ನಿಮಿರಿಸಿದ್ದರು. ಟೀಚರು ಒಪ್ಪಲೇಬೇಕಾಯಿತು.

ಕೀತ್ ಪರೀಕ್ಷೆ ಬರೆದ. ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಶಾಲೆಯಿಂದ ಅಪೊಲಿನಳಿಗೆ ಕರೆ ಬಂತು. ಅಭಿನಂದಿಸಲು ಕರೆದಿದ್ದಾರೆಂದು ನಂಬಿ ಆ ಹುಚ್ಚಿ ಒಂದು ಡಬ್ಬಿ ಹಲ್ವಾ ಹಿಡಿದೇ ಹೋದಳು. ಹೇಜಲ್ ಟೀಚರು ಡಬ್ಬಿಯನ್ನು ಬದಿಗೆ ಸರಿಸಿ, ಮೊದಲೇ ಕರೆಸಿ ನಿಲ್ಲಿಸಿದ್ದ ಕೀತನ ಬೆನ್ನು ಸವರಿ, ಜೇನಿನಂಥ ದನಿಯಲ್ಲಿ ಕೇಳಿದರು: "ಹೆದರಬೇಡ ಮಗಾ. ಯಾರದ್ದು ನೋಡಿ ಬರೆದದ್ದು?"

ಓಟದಲ್ಲಿ ಸೋತರೆ ಜ್ವರ, ಲೆಕ್ಕದಲ್ಲಿ ಗೆದ್ದರೆ ಕಳವು! ಅಪೊಲಿನಳ ಮೈಯೆಲ್ಲ ಉರಿದುಹೋಯಿತು.

"ಇವನಿಗಿಂತ ಹೆಚ್ಚು ಅಂಕ ಯಾರಿಗೂ ಬರ್ಲಿಲ್ವಲ್ಲ ಟೀಚರ್. ಮತ್ತೆ ನೋಡಿದ್ದು ಯಾರದ್ದು?"

ಟೀಚರ ಬಳಿ ಅದಕ್ಕೂ ಒಂದು ಉಪಾಯವಿತ್ತು. ನಾಳೆ ಮರುಪರೀಕ್ಷೆ, ಕೀತನೊಬ್ಬನಿಗೆ. ಅವನ ಒಳ್ಳೆಯದಕ್ಕೇ ಅಂತೆ.

ಅಪೊಲಿನ್ ಹಲ್ಲುಕಚ್ಚಿ ಹೊರಬಂದಳು. ಮೆಟ್ಟಿಲಿಳಿಯುವಾಗ ಕೀತ್ ಅವಳ ಕೈ ಹಿಡಿದುಕೊಂಡ.

"ಮಮ್ಮಿ, ಬೇಜಾರು ಮಾಡ್ಬೇಡ. ನಾಳೆ ನಾಲ್ಕು ತಪ್ಪು ಬರೀತೇನೆ. ಆಗ ನಂಬ್ತಾರೆ."

ಅಷ್ಟು ಹೊತ್ತು ತಡೆದಿದ್ದ ಅಳು ಅಪೊಲಿನಳಿಗೆ ಆಗ ಬಂತು.